ಹೆಂಚು ಒಂದೇ, ಒಳಗಿನ ಎಲುಬು ಬೇರೆ

ಬೆಂಕಿ ಬಿದ್ದ ಮನೆಯಲ್ಲಿ ಹೆಂಚು ಒಂದೊಂದಾಗಿ ಬೀಳುವ ಸದ್ದು ಕೇಳಿದರೆ ಮನೆಯವರ ಎದೆ ಒಡೆಯುತ್ತದೆ. ನನಗೆ ಮಾತ್ರ ಅದು ಸಮಾಧಾನದ ಸದ್ದು. ಕೊಡಗಿನಲ್ಲಿ ಅಗ್ನಿಶಾಮಕ ದಳದವನಾಗಿ ಸುಮಾರು ವರ್ಷ ಬ್ರಾಂಚ್ ಹಿಡಿದಿದ್ದೇನೆ. ನೀರಿನ ಪೈಪಿನ ತುದಿಗೆ ನಾವು ಹಾಗನ್ನುವುದು. ಸೇರಿದ ಹೊಸದರಲ್ಲಿ ನನ್ನ ಕಣ್ಣು ಬರೀ ಬೆಂಕಿಯ ಮೇಲೆ ಇರುತ್ತಿತ್ತು. ಮಾಡು, ಅಂದರೆ ಮನೆಯ ಚಾವಣಿ, ಅದನ್ನು ನೋಡಬೇಕು ಅನ್ನುವುದು ಗೊತ್ತಾಗಿದ್ದು ಆಮೇಲೆ.

ನಾಪೋಕ್ಲು ಕಡೆಯ ಒಂದು ಹಳೇ ಮನೆ. ಮಾರ್ಚ್ ತಿಂಗಳು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟ ಸೌದೆಗೆ ಕಿಡಿ ಹಾರಿತ್ತು. ತೋಟದ ದಾರಿಯಲ್ಲಿ ನಮ್ಮ ಗಾಡಿ ಅರ್ಧಕ್ಕೇ ನಿಂತಿತು. ಕೆರೆಗೆ ಪಂಪ್ ಇಳಿಸಿ ಪೈಪ್ ಎಳೆಯುವಷ್ಟರಲ್ಲಿ ಬೆಂಕಿ ಅಟ್ಟ ದಾಟಿತ್ತು. ಆದರೂ ನಮಗೆ ಒಳಗೆ ಹೋಗಿ ಕೆಲಸ ಮಾಡಲು ಸಮಯ ಸಿಕ್ಕಿತು. ಯಾಕೆ ಅಂದರೆ, ಗಟ್ಟಿ ಮರ ಹೊರಗಿಂದ ಕರಿಯಾಗುತ್ತಾ ಹೋಗುತ್ತದೆ. ಒಂದು ಬದಿಯಿಂದ ನಿಮಿಷಕ್ಕೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆ ಕರಿಯೇ ಒಳಗಿನ ಮರಕ್ಕೆ ಹೊದಿಕೆ. ಆರಿಂಚಿನ ತೊಲೆ ಅರ್ಧ ಗಂಟೆ ಉರಿದರೂ ಒಳಗೆ ನಾಲ್ಕಿಂಚಿನಷ್ಟು ಮರ ಗಟ್ಟಿಯಾಗಿ ಉಳಿದಿರುತ್ತದೆ. ಮೊದಲು ಸುಟ್ಟು ಹೋಗುವುದು ರೀಪು, ಅಂದರೆ ಹೆಂಚು ಕೂರುವ ತೆಳು ಮರದ ಪಟ್ಟಿ. ಆಮೇಲೆ ಆ ರೀಪನ್ನು ಹೊರುವ ಪಕಾಸು. ರೀಪು ಹೋದ ಕಡೆ ಹೆಂಚು ಬೀಳುತ್ತದೆ, ಆ ಸಂದಿಯಲ್ಲಿ ಹೊಗೆ, ಶಾಖ ಎರಡೂ ಮೇಲಕ್ಕೆ ಹೋಗುತ್ತವೆ. ಮನೆ ತಾನೇ ನಮಗೆ ಹೇಳುತ್ತಿರುತ್ತದೆ, ಈಗ ಇಷ್ಟು ಹೋಯಿತು, ಇನ್ನು ಹೊರಡಿ ಅಂತ.

ಅದೇ ಧೈರ್ಯದಲ್ಲಿ ನಾನು ಒಂದು ಹೋಂಸ್ಟೇಗೆ ನುಗ್ಗಿದೆ. ಹೊರಗಿಂದ ಅದೂ ಹೆಂಚಿನ ಮನೆಯೇ. ಒಳಗೆ ಚಂದದ ಫಾಲ್ಸ್ ಸೀಲಿಂಗ್. ಕೋಣೆಯಲ್ಲಿ ತೆಳು ಹೊಗೆ, ಅಂಥ ಬಿಸಿಯೂ ಇಲ್ಲ. ಸಣ್ಣ ಕೇಸು ಅಂದುಕೊಂಡೆ. ಹಿಂದೆ ಬರುತ್ತಿದ್ದ ನಮ್ಮ ಹಿರಿಯರು ಕೊಕ್ಕೆಯಿಂದ ಸೀಲಿಂಗಿಗೆ ಒಂದು ತೂತು ಮಾಡಿದರು. ತೂತಿನೊಳಗೆ ಇಡೀ ಮಾಡು ಕೆಂಪಗಿತ್ತು. ವಯರಿಂಗ್ ಹಿಡಿದು ಓಡಿದ ಬೆಂಕಿ ನಮ್ಮ ತಲೆ ಮೇಲೆಯೇ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಿತ್ತು.

"ಪೈಪ್ ಬಿಡೋ, ಹೊರಗೆ ಬಾ!" ಅಂತ ಕಾಲರ್ ಹಿಡಿದು ಎಳೆದರು.

ಹೊರಗೆ ಬಂದು ಉಸಿರು ಬಿಡುವಷ್ಟರಲ್ಲಿ ಮಾಡು ಕೂತಿತು. ಒಂದು ಹೆಂಚೂ ಮುಂಚೆ ಬಿದ್ದು ಎಚ್ಚರಿಸಲಿಲ್ಲ. ಹೆಂಚಿನ ಕೆಳಗೆ ಇದ್ದದ್ದು ಕಬ್ಬಿಣದ ತೆಳು ಪೈಪಿನ ಟ್ರಸ್, ಅಂದರೆ ಮಾಡನ್ನು ಹೊರುವ ಚೌಕಟ್ಟು. ಉಕ್ಕು ಸುಮಾರು 550 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಅದರ ಶಕ್ತಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿರುತ್ತದೆ. ಜೋರಾಗಿ ಹತ್ತಿದ ಮನೆಯಲ್ಲಿ ಆ ಬಿಸಿ ಏನೂ ದೊಡ್ಡದಲ್ಲ, ತೆಳು ಪೈಪ್ ಅದನ್ನು ಬೇಗ ಮುಟ್ಟುತ್ತದೆ. ಕಬ್ಬಿಣ ಉರಿಯುವುದಿಲ್ಲ ಅಲ್ವಾ ಅಂತ ಜನ ಕೇಳುತ್ತಾರೆ. ಉರಿಯುವುದಿಲ್ಲ, ಮೆತ್ತಗಾಗುತ್ತದೆ. ಹೆಂಚಿನ ಭಾರ ಮಾತ್ರ ಹಾಗೇ ಇರುತ್ತದೆ.

ತೋಟದ ಕಾರ್ಮಿಕರ ಸಾಲು ಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಭಯ ಬೇರೆ ಥರದ್ದು. ಮಾಡಿನ ಸಿಮೆಂಟ್ ಶೀಟು ಬಿಸಿಗೆ ಪಟಾಕಿಯಂತೆ ಸಿಡಿಯುತ್ತದೆ, ಚೂರು ಮುಖಕ್ಕೇ ಬರುತ್ತದೆ.

ಇನ್ನು ನಾವೇ ತಂದುಕೊಳ್ಳುವ ಅಪಾಯ ಒಂದಿದೆ, ನೀರು. ನಿಮಿಷಕ್ಕೆ 400 ಲೀಟರ್ ಬಿಡುವ ಬ್ರಾಂಚ್ ಹತ್ತು ನಿಮಿಷ ನಡೆದರೆ 4 ಟನ್. ಕಾಫಿ ಸ್ಟೋರಿನ ಮರದ ಮಾಳಿಗೆಯಲ್ಲಿ 50 ಕೆ.ಜಿ. ಮೂಟೆಗಳು ಸಾಲಾಗಿ ಇರುತ್ತವೆ. ಅವು ನೀರು ಕುಡಿಯುತ್ತಾ ಕೂತರೆ, ಕೆಳಗೆ ಅರ್ಧ ಸುಟ್ಟ ತೊಲೆ ಎಷ್ಟು ತಾಳೀತು? ಮಣ್ಣಿನ ಗೋಡೆಯೂ ಅಷ್ಟೇ. ಬೆಂಕಿಗೆ ಜಗ್ಗದೆ ನಿಂತಿದ್ದ ಒಂದು ಗೋಡೆ, ಎಲ್ಲ ಆರಿಸಿ ನಾವು ಪೈಪ್ ಸುತ್ತುವಾಗ ನೆನೆದು ಕುಸಿದಿದ್ದನ್ನು ನೋಡಿದ್ದೇನೆ. ಅದಕ್ಕೇ ಗೋಡೆಯ ಎತ್ತರಕ್ಕಿಂತ ಒಂದೂವರೆ ಪಟ್ಟು ದೂರ ನಿಲ್ಲುತ್ತೇವೆ. ಬೆಂಕಿ ಆರಿದ ಮೇಲೂ.

ಈಗ ನಾನು ಗಾಡಿಯಿಂದ ಇಳಿದ ತಕ್ಷಣ ಮನೆಗೆ ಒಂದು ಸುತ್ತು ಹಾಕುತ್ತೇನೆ. "ಸುಮ್ನೆ ನೋಡ್ತಾ ನಿಂತಿದ್ದಾರೆ" ಅಂತ ಜನ ಬೈಯುತ್ತಾರೆ, ಬೈಯಲಿ. ಮಳೆ, ಚಳಿಗೆಂದು ನಮ್ಮ ಕಡೆ ಕಿಟಕಿ ಬಿಗಿಯಾಗಿ ಮುಚ್ಚಿರುತ್ತಾರೆ. ಗಾಜು ಕರಿಹಿಡಿದು, ಬಾಗಿಲ ಸಂದಿಯಲ್ಲಿ ಹೊಗೆ ಉಸಿರಾಡುವ ಹಾಗೆ ಒಳಗೆ ಹೊರಗೆ ಮಾಡುತ್ತಿದ್ದರೆ ಆ ಬಾಗಿಲನ್ನು ಥಟ್ಟನೆ ತೆಗೆಯುವುದಿಲ್ಲ. ಒಳಗೆ ಗಾಳಿಗಾಗಿ ಕಾಯುತ್ತಿರುವ ಬೆಂಕಿ ನಮ್ಮ ಮೇಲೇ ಬರುತ್ತದೆ. ಮಾಲೀಕರಿಗೋ ತೋಟದ ಲೆಕ್ಕ ನೋಡುವ ರೈಟರ್‌ಗೋ ಕೇಳುವ ಪ್ರಶ್ನೆ ಮೂರು. ಒಳಗೆ ಜನ ಇದ್ದಾರಾ? ಸಿಲಿಂಡರ್ ಎಲ್ಲಿದೆ? ಹೆಂಚಿನ ಕೆಳಗೆ ಮರವಾ, ಕಬ್ಬಿಣವಾ? ಮೂರನೆಯದಕ್ಕೆ ಹೆಚ್ಚಿನವರು ನನ್ನ ಮುಖವನ್ನೇ ನೋಡುತ್ತಾರೆ.

ಕುಶಾಲನಗರದಲ್ಲಿ ಭಾವ ಮನೆ ಕಟ್ಟಿಸಿದಾಗ, ಹಾಲಿನ ಫಾಲ್ಸ್ ಸೀಲಿಂಗಿನಲ್ಲಿ ಒಂದು ಚೌಕ ತೆಗೆದು ಹಾಕುವ ಹಾಗೆ ಮಾಡಿಸಿದೆ, ಮೇಲೆ ಇಣುಕಿ ನೋಡಲು. ಹಾಲಿನ ಅಂದ ಕೆಟ್ಟಿತು ಅಂತ ಅಕ್ಕ ಇನ್ನೂ ಗೊಣಗುತ್ತಾಳೆ.