ಹಣೆ ಚಚ್ಚಿಕೊಳ್ಳುವುದನ್ನು ಬಿಟ್ಟ ಕಥೆ

ಮಗಳಿಗೆ ಆಗ ನಾಲ್ಕು ವರ್ಷ. ಆಟದ ಮರದ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಏಳನೆಯದನ್ನು ಇಡುವಾಗ ಎಲ್ಲ ದಡದಡ ಬಿತ್ತು. ಅವಳು ಅಳಲಿಲ್ಲ. ಹಣೆ ಚಚ್ಚಿಕೊಂಡು, ‘ಥೂ, ನನ್ನ ಹಣೆಬರಹವೇ ಇಷ್ಟು’ ಅಂದಳು. ಆ ಕೈ, ಕೊನೆಗೆ ಬಿಟ್ಟ ಆ ಉಸಿರು, ಎಲ್ಲ ಥೇಟ್ ನನ್ನದೇ. ಮೊದಲು ನಗು ಬಂತು. ಆಮೇಲೆ ಕರುಳು ಚುರುಕ್ ಅಂತು.

‘ಬಿದ್ರೆ ಮತ್ತೆ ಕಟ್ಬೇಕು ಪುಟ್ಟಾ’ ಅಂತ ದಿನಾ ಉಪದೇಶ ಮಾಡುತ್ತಿದ್ದವಳೂ ನಾನೇ. ಅದು ಮಾತ್ರ ಅವಳ ಬಾಯಿಗೆ ಹತ್ತಿರಲಿಲ್ಲ.

ಸರಿ, ಇನ್ನು ಮೇಲೆ ಏನೇ ಆದರೂ ನಗ್ತಾ ಇರೋಣ ಅಂತ ತೀರ್ಮಾನ ಮಾಡಿದೆ. ಮೂರು ದಿನ ನಡೀತು. ನಾಲ್ಕನೇ ದಿನ ಆಫೀಸಿನಲ್ಲಿ ಬೈಸಿಕೊಂಡು ಬಂದು ಸುಮ್ನೆ ಹಲ್ಲು ಕಿರಿಯುತ್ತಿದ್ದೆ. ಮಗಳು ಮುಖವನ್ನೇ ದಿಟ್ಟಿಸಿ, ‘ಅಮ್ಮಾ, ನಿಂಗೆ ಕೋಪ ಬಂದಿದೆ ಅಲ್ವಾ?’ ಅಂದಳು.

ಮುಖ ಓದುವುದನ್ನು ಮಕ್ಕಳು ಮಾತಿಗಿಂತ ಮೊದಲೇ ಕಲಿತಿರುತ್ತಾರೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವರ್ಷದ ಕೂಸುಗಳನ್ನು ಗಾಜಿನ ಮೇಲೆ ಬಿಟ್ಟಿದ್ದರು. ಗಾಜು ಗಟ್ಟಿ, ಆದರೆ ಮುಂದೆ ಹಳ್ಳ ಇದ್ದಂತೆ ಕಾಣುತ್ತದೆ. ಆಚೆ ಬದಿಯಲ್ಲಿ ಅಮ್ಮ. ಅಮ್ಮ ನಗುಮುಖ ಮಾಡಿದಾಗ 19 ಕೂಸುಗಳಲ್ಲಿ 14 ದಾಟಿ ಬಂದವು. ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಇಷ್ಟು ಚುರುಕು ಕಣ್ಣುಗಳ ಮುಂದೆ ನನ್ನ ನಾಟಕ ಎಷ್ಟು ದಿನ ನಡೆದೀತು?

ನಾಟಕ ಬಿಟ್ಟೆ. ಸಿಟ್ಟು ಬಂದರೆ ಬಂದಿದೆ ಅಂತಲೇ ಹೇಳತೊಡಗಿದೆ. ಆದರೆ ಅಲ್ಲಿಗೇ ನಿಲ್ಲಿಸದೆ, ಮುಂದೇನು ಮಾಡ್ತೀನಿ ಅನ್ನುವುದನ್ನೂ ಅವಳ ಕಿವಿಗೆ ಬೀಳುವಂತೆ ಹೇಳುವುದು. ಒಮ್ಮೆ ಗೋಡೆಗೆ ಮೊಳೆ ಹೊಡೆಯುತ್ತಿದ್ದೆ. ಒಂದು ಬಗ್ಗಿತು. ಇನ್ನೊಂದೂ ಬಗ್ಗಿತು, ಜೊತೆಗೆ ಅಂಗೈಯಗಲ ಗಾರೆ ಉದುರಿತು. ಕೈ ಹಣೆಯ ಹತ್ತಿರ ಹೋಗಿಯೇಬಿಟ್ಟಿತ್ತು. ಹಾಗೇ ಕೂದಲು ಸರಿಮಾಡಿಕೊಂಡವಳಂತೆ ಇಳಿಸಿ, ‘ಛೇ, ತುಂಬಾ ಸಿಟ್ಟು ಬರ್ತಿದೆ. ನೀರು ಕುಡಿದು ಬರ್ತೀನಿ. ಆಮೇಲೆ ಸ್ವಲ್ಪ ಪಕ್ಕದಲ್ಲಿ ಹೊಡೆದು ನೋಡ್ತೀನಿ’ ಅಂದೆ. ಗೋಡೆ ಜೊತೆ ಮಾತಾಡ್ತಿದ್ದೀನಿ ಅಂತ ನನಗೇ ನಾಚಿಕೆ ಆಯಿತು. ಮೂರನೇ ಮೊಳೆ ನಿಂತಿತು, ಸೊಟ್ಟಗೆ.

ಜಾಸ್ತಿ ಕಷ್ಟವಾಗಿದ್ದು ಫೋನಿನಲ್ಲಿ ಆಡುವ ಮಾತಿನದು. ಮಗು ಆಟದಲ್ಲಿ ಮುಳುಗಿದೆ ಅಂದುಕೊಂಡು ಕಂಡವರನ್ನೆಲ್ಲ ಆಡಿಕೊಳ್ಳುತ್ತೇವೆ, ಅದರ ಕಿವಿ ಇತ್ತಲೇ ಇರುತ್ತದೆ. ಈಗ ಬಾಗಿಲು ಹಾಕಿಕೊಂಡು ಗೊಣಗುತ್ತೇನೆ. ಗೊಣಗುವುದನ್ನೇ ಬಿಡುವಷ್ಟು ಒಳ್ಳೆಯವಳು ನಾನಾಗಿಲ್ಲ.

ಮಗಳಿಗೀಗ ಆರು. ಹೋದ ವಾರ ಶೂ ಲೇಸು ಗಂಟಾಗಿ ಬಿಡಿಸಲು ಒದ್ದಾಡುತ್ತಿದ್ದಳು. ‘ತುಂಬಾ ಸಿಟ್ಟು ಬರ್ತಿದೆ, ನೀರು ಕುಡಿದು ಬರ್ತೀನಿ’ ಅಂತ ಗಂಭೀರವಾಗಿ ಎದ್ದು ಹೋದಳು. ಹತ್ತು ನಿಮಿಷವಾದರೂ ಪತ್ತೆಯಿಲ್ಲ. ಹೋಗಿ ನೋಡಿದರೆ ಒಂದು ಕಾಲಲ್ಲಿ ಶೂ ಹಾಕಿಕೊಂಡೇ ಇಟ್ಟಿಗೆ ಪೇರಿಸುತ್ತಾ ಕೂತಿದ್ದಳು.