9,000 ಲ್ಯೂಮೆನ್ ಪ್ರೊಜೆಕ್ಟರ್‌ನ ಅಸಲಿ ಬೆಳಕು ಎಷ್ಟು? ಮನೆಯಲ್ಲೇ ಅಳೆದು ನೋಡಿ

ಆನ್‌ಲೈನ್‌ನಲ್ಲಿ ಏಳೆಂಟು ಸಾವಿರ ರೂಪಾಯಿಗೆ ಸಿಗುವ ಪುಟ್ಟ ಪ್ರೊಜೆಕ್ಟರ್‌ನ ಡಬ್ಬದ ಮೇಲೆ "9,000 ಲ್ಯೂಮೆನ್" (ಲ್ಯೂಮೆನ್ ಅಂದರೆ ಒಟ್ಟು ಬೆಳಕಿನ ಅಳತೆ) ಅಂತ ಇರುತ್ತದೆ. ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಸೀಲಿಂಗಿಗೆ ನೇತುಹಾಕಿದ ದುಬಾರಿ ಪ್ರೊಜೆಕ್ಟರ್ ಮೇಲೆ ಬರೀ 3,500. ಹಾಗಾದರೆ ಚಿಕ್ಕದೇ ವಾಸಿ ಅಲ್ವಾ? ನಾನೂ ಹಾಗೇ ಅಂದುಕೊಂಡು ಒಂದು ತಂದೆ. ಐಪಿಎಲ್ ಮ್ಯಾಚ್ ನೋಡೋಣ ಅಂತ ಅಕ್ಕಪಕ್ಕದವರನ್ನೆಲ್ಲ ಟೆರೇಸಿಗೆ ಕರೆದು, ಸಂಜೆ ಏಳೂವರೆಗೆ ಆನ್ ಮಾಡಿದರೆ ಬಾಲ್ ಹೋಗಲಿ, ಬ್ಯಾಟ್ಸ್‌ಮನ್ನೇ ಸರಿಯಾಗಿ ಕಾಣಲಿಲ್ಲ. ಬೀದಿದೀಪದ ಮುಂದೆ ನಮ್ಮ 9,000 ಸೋತು ಹೋಯಿತು.

ಕೊಳ್ಳುವ ಮೊದಲು ಮಾಡಬಹುದಾದ ಸುಲಭದ ಪರೀಕ್ಷೆ ಒಂದಿದೆ: ವ್ಯಾಟ್ ನೋಡಿ. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬಿನ ಡಬ್ಬದ ಮೇಲೆ 800ರಿಂದ 900 ಲ್ಯೂಮೆನ್ ಅಂತ ಬರೆದಿರುತ್ತದೆ, ಅಂದರೆ ವ್ಯಾಟಿಗೆ ಹತ್ತಿರ ಹತ್ತಿರ 100. ಪ್ರೊಜೆಕ್ಟರ್ ಒಟ್ಟು ಎಳೆಯುವುದೇ 60 ವ್ಯಾಟ್ ಆದರೆ, ಅಷ್ಟೂ ಕರೆಂಟು ಎಲ್‌ಇಡಿಗೇ ಹೋದರೂ 6,000 ದಾಟುವುದು ಕಷ್ಟ. ಅದೂ ಒಳಗಿನ ಲೆಕ್ಕ. ಆ ಬೆಳಕು ಪೋಲರೈಸರ್ (ಬೆಳಕಿನ ಒಂದು ಪಾಲನ್ನಷ್ಟೇ ಬಿಡುವ ಹಾಳೆ), ಎಲ್‌ಸಿಡಿ (ಚಿತ್ರ ಮೂಡುವ ಫಲಕ), ಬಣ್ಣದ ಫಿಲ್ಟರ್, ಲೆನ್ಸ್ ಎಲ್ಲ ದಾಟಿ ಆಚೆ ಬರಬೇಕು. ಅಗ್ಗದ ಒಂದೇ ಎಲ್‌ಸಿಡಿ ಇರುವ ಪೆಟ್ಟಿಗೆಗಳಲ್ಲಿ ಬಹುಪಾಲು ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಫ್ಯಾನ್ ಅಷ್ಟು ಜೋರಾಗಿ ಕೂಗುವುದು ಅದಕ್ಕೇ.

ಅದಕ್ಕೇ ಸಂಖ್ಯೆಯ ಪಕ್ಕದಲ್ಲಿ ಏನಿದೆ ಅಂತ ಓದಬೇಕು. "ಆನ್ಸಿ ಲ್ಯೂಮೆನ್" ಅಂದರೆ ಅಮೆರಿಕದ ಸ್ಟ್ಯಾಂಡರ್ಡ್ಸ್ ಸಂಸ್ಥೆ 1992ರಲ್ಲಿ ತಂದ ವಿಧಾನ, ಲೆನ್ಸಿನಿಂದ ಆಚೆ ಬಂದು ಪರದೆಗೆ ಬಿದ್ದ ಬೆಳಕಿನ ಅಳತೆ. ಆ ಸ್ಟ್ಯಾಂಡರ್ಡ್ ಈಗ ಚಾಲ್ತಿಯಲ್ಲಿಲ್ಲ, ಆದರೆ ಹೆಸರು ಮಾತ್ರ ಉಳಿದುಕೊಂಡಿದೆ. ಈಗ ನಡೆಯುತ್ತಿರುವುದು ಐಎಸ್‌ಒ 21118 ಅನ್ನುವ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್. ಅದರಲ್ಲೂ ಹಿಂದಿನಂತೆಯೇ ಪರದೆಯ ಒಂಬತ್ತು ಜಾಗದಲ್ಲಿ ಅಳೆಯುತ್ತಾರೆ. "ಲೈಟ್ ಸೋರ್ಸ್ ಲ್ಯೂಮೆನ್" ಅಂದರೆ ಒಳಗಿನ ದೀಪದ ಬೆಳಕು, ಅದು ನಿಮ್ಮ ಗೋಡೆಗೆ ಸಂಬಂಧವಿಲ್ಲದ ಲೆಕ್ಕ. "ಎಲ್‌ಇಡಿ ಲ್ಯೂಮೆನ್" ಅನ್ನುವವರು ಗಾಢ ಬಣ್ಣ ಕಣ್ಣಿಗೆ ಜಾಸ್ತಿ ಹೊಳೆದಂತೆ ಕಾಣುತ್ತದೆ ಅನ್ನುವ ನಿಜವಾದ ಸಂಗತಿಯನ್ನೇ ಹಿಡಿದುಕೊಂಡು ಅಂಕಿಯನ್ನು ಉಬ್ಬಿಸಿರುತ್ತಾರೆ. ಸುಮ್ನೆ "ಲ್ಯೂಮೆನ್" ಅಂತಷ್ಟೇ ಇದ್ದರೆ? ಆ ಅಂಕಿಯನ್ನು ಮರೆತುಬಿಡಿ.

ಈಗಾಗಲೇ ತಂದಾಗಿದೆ ಅಂದರೆ ಅಳೆದೇ ನೋಡಬಹುದು. ಒಂದು ಸಾದಾ ಲಕ್ಸ್ ಮೀಟರ್ (ಒಂದು ಚದರ ಮೀಟರಿಗೆ ಎಷ್ಟು ಲ್ಯೂಮೆನ್ ಬೀಳುತ್ತಿದೆ ಅಂತ ತೋರಿಸುವ ಸಾಧನ) ಸಾಕು. ಫೋನಿನ ಆ್ಯಪ್ ಕೂಡ ನಡೆಯುತ್ತದೆ, ಆದರೆ ಬೆಳಕು ಓರೆಯಾಗಿ ಬಿದ್ದಾಗ ಅದು ತಪ್ಪು ತೋರಿಸುತ್ತದೆ. ಕೋಣೆ ಕತ್ತಲು ಮಾಡಿ, ಪ್ರೊಜೆಕ್ಟರ್ ಹಾಕಿ ಅರ್ಧ ಗಂಟೆ ಬಿಡಿ, ಆಮೇಲೆ ಪರದೆ ತುಂಬ ಖಾಲಿ ಬಿಳಿ ಚಿತ್ರ ಹಾಕಿ. ಕೀಸ್ಟೋನ್ (ಓರೆಯಾದ ಚಿತ್ರವನ್ನು ನೇರ ಮಾಡುವ ಸೆಟ್ಟಿಂಗ್) ಸೊನ್ನೆ ಇರಲಿ, ಪೆಟ್ಟಿಗೆ ಗೋಡೆಗೆ ನೇರವಾಗಿರಲಿ. ಆ ಬಿಳಿ ಚೌಕವನ್ನು ಮೂರು ಅಡ್ಡ, ಮೂರು ಉದ್ದ ಅಂತ ಒಂಬತ್ತು ಮನೆ ಮಾಡಿಕೊಂಡು (ಚೌಕಾಬಾರ ಹಾಕಿದ ಹಾಗೆ, ಸ್ವಲ್ಪ ಚಿಕ್ಕದು), ಪ್ರತಿ ಮನೆಯ ನಡುವೆ ಮೀಟರನ್ನು ಗೋಡೆಗೆ ಒತ್ತಿ, ಲೆನ್ಸಿನ ಕಡೆ ಮುಖ ಮಾಡಿ ಹಿಡಿಯಿರಿ. ನಿಮ್ಮ ನೆರಳು ಬೀಳದಂತೆ ಪಕ್ಕಕ್ಕೆ ನಿಲ್ಲಿ.

ನನ್ನದರಲ್ಲಿ ಬಂದದ್ದು ಹೀಗೆ. ಮೇಲಿನ ಸಾಲು 70, 98, 66. ನಡುವೆ 104, 142, 100. ಕೆಳಗೆ 74, 106, 68. ಕೂಡಿದರೆ 828, ಒಂಬತ್ತರಿಂದ ಭಾಗಿಸಿದರೆ 92 ಲಕ್ಸ್. ಚಿತ್ರ ಮೂಲೆಯಿಂದ ಮೂಲೆಗೆ 80 ಇಂಚಿನದು, 1.77 ಮೀಟರ್ ಅಗಲ, 1 ಮೀಟರಿಗೆ ಕೊಂಚ ಕಡಿಮೆ ಎತ್ತರ, ಅಂದರೆ ಸುಮಾರು 1.76 ಚದರ ಮೀಟರ್. 92ನ್ನು 1.76ರಿಂದ ಗುಣಿಸಿದರೆ 162 ಲ್ಯೂಮೆನ್. 9,000 ಅಲ್ಲ, ನೂರಾ ಅರವತ್ತೆರಡು! ನಡುವಿನ ಒಂದೇ ಮನೆ ಅಳೆದು ಬಿಟ್ಟಿದ್ದರೆ 250 ಬರುತ್ತಿತ್ತು. ಮೂಲೆಗಳು ಎಷ್ಟು ಮಂಕಾಗಿವೆ ಅನ್ನುವುದು ಒಂಬತ್ತೂ ಕಡೆ ಅಳೆದರೆ ಮಾತ್ರ ಗೊತ್ತಾಗುತ್ತದೆ.

ಇದೇ ಮೀಟರ್ ಕೈಯಲ್ಲಿದ್ದಾಗ ಇನ್ನೊಂದು ನೋಡಿ. ಕೆಂಪು, ಹಸಿರು, ನೀಲಿ ಪರದೆ ಒಂದೊಂದಾಗಿ ಹಾಕಿ ಅಳೆದು, ಮೂರನ್ನೂ ಕೂಡಿ. ಬಿಳಿಯ ಅಳತೆಗೆ ಸರಿಸುಮಾರು ಸಮ ಬರಬೇಕು. ಬಣ್ಣದ ಚಕ್ರದಲ್ಲಿ ಒಂದು ಬಿಳಿ ತುಂಡೂ ಇರುವ ಡಿಎಲ್‌ಪಿ (ಪುಟ್ಟ ಕನ್ನಡಿಗಳ ಚಿಪ್‌ನಿಂದ ಚಿತ್ರ ಮೂಡಿಸುವ) ಪ್ರೊಜೆಕ್ಟರ್‌ಗಳಲ್ಲಿ ಮೊತ್ತ ಬಿಳಿಗಿಂತ ತುಂಬ ಕಡಿಮೆ ಬರುತ್ತದೆ. ಎಕ್ಸೆಲ್ ಶೀಟ್ ಫಳಫಳ, ಸಿನಿಮಾ ಮಾತ್ರ ಮಂಕು. ಹಾಗೆಯೇ ಒಳ್ಳೆಯ ಕಂಪನಿಯ ಅಂಕಿಯೂ ಅತಿ ಹೆಚ್ಚು ಬೆಳಕಿನ ಮೋಡ್‌ನದ್ದೇ. ಆ ಮೋಡ್‌ನಲ್ಲಿ ಎಲ್ಲರ ಮುಖಕ್ಕೂ ಹಸಿರು ಛಾಯೆ ಬಂದಿರುವುದು ಸಾಮಾನ್ಯ. ಸಿನಿಮಾ ಮೋಡ್‌ಗೆ ಬಂದರೆ ಬೆಳಕು ಇಳಿಯುತ್ತದೆ, ಕೆಲವದರಲ್ಲಿ ಅರ್ಧಕ್ಕೇ.

ಸರಿ, ಎಷ್ಟು ಬೇಕು? ಡಿಜಿಟಲ್ ಚಿತ್ರಮಂದಿರದ ಗುರಿ 48 ನಿಟ್ಸ್ (ಪರದೆಯಿಂದ ಕಣ್ಣಿಗೆ ಬರುವ ಹೊಳಪಿನ ಅಳತೆ). ಪೂರ್ತಿ ಕತ್ತಲಲ್ಲಿ, ಸಾದಾ ಬಿಳಿ ಪರದೆ ಮೇಲೆ, 100 ಇಂಚಿಗೆ ಅಷ್ಟು ಬರಲು ಸುಮಾರು 415 ಅಸಲಿ ಲ್ಯೂಮೆನ್ ಸಾಕು. ಕಷ್ಟ ಶುರುವಾಗುವುದು ಲೈಟ್ ಹಾಕಿದಾಗ. ಪ್ರೊಜೆಕ್ಟರ್ ಕಪ್ಪನ್ನು ಎಸೆಯಲಾರದು, ಗೋಡೆ ಎಷ್ಟು ಕತ್ತಲಾಗಿದೆಯೋ ಅದೇ ನಿಮ್ಮ ಕಪ್ಪು. ಗೋಡೆಗೆ ಕೋಣೆಯ ಬೆಳಕೇ 100 ಲಕ್ಸ್ ಬೀಳುತ್ತಿದ್ದರೆ, 1,000 ಲ್ಯೂಮೆನ್ ಪ್ರೊಜೆಕ್ಟರ್ 100 ಇಂಚಿನಲ್ಲಿ ಕೊಡುವ ಬಿಳಿ, ಕಪ್ಪಿನ ನಾಲ್ಕೂವರೆ ಪಟ್ಟು ಅಷ್ಟೇ. 3,000 ಇದ್ದರೂ ಹನ್ನೆರಡು ಪಟ್ಟು. ಹಾಗಾಗಿ ಮೊದಲು ಕಿಟಕಿಗೆ ದಪ್ಪ ಪರದೆಬಟ್ಟೆ ಕೊಳ್ಳಿ, ಆಮೇಲೆ ಲ್ಯೂಮೆನ್ ಯೋಚಿಸಿ.

ನನ್ನ 162ರ ಪೆಟ್ಟಿಗೆಯನ್ನು ಬಿಸಾಕಲಿಲ್ಲ. ಮಲಗುವ ಕೋಣೆಯಲ್ಲಿ, ರಾತ್ರಿ, 50 ಇಂಚಿಗೆ ಕುಗ್ಗಿಸಿ ಇಟ್ಟಿದ್ದೇನೆ. ಅಷ್ಟಕ್ಕೆ 235 ಲಕ್ಸ್, ಅಂದರೆ ಸುಮಾರು 75 ನಿಟ್ಸ್ ಬರುತ್ತದೆ. ಮಕ್ಕಳ ಕಾರ್ಟೂನಿಗೆ ಧಾರಾಳ.