ಸೊನ್ನೆಯ ಹಿಂದೆ ಮರೆಯಾಗಿದ್ದ ಕಂಬಾರರು

ಗೋಕಾಕದ ಹತ್ತಿರದ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ನಾನು 14 ವರ್ಷಗಳಿಂದ ಗ್ರಂಥಪಾಲಕಿ. ನಮ್ಮಲ್ಲಿ 4,300 ಪುಸ್ತಕಗಳಿವೆ, ಬಂದ ಪುಸ್ತಕಗಳನ್ನೆಲ್ಲ ಸಂಖ್ಯೆ ಹಾಕಿ ಬರೆದಿಡುವ ಮೂರು ದಪ್ಪ ಅಕ್ಸೆಷನ್ ರಿಜಿಸ್ಟರ್‌ಗಳಿವೆ. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂಬುದು ಮಾತ್ರ ನನ್ನ ತಲೆಯಲ್ಲಿತ್ತು. ನಾನು ರಜೆ ಹಾಕಿದ ದಿನ ಬೀಗ ತೆರೆದಿದ್ದರೂ ಗ್ರಂಥಾಲಯ ಮುಚ್ಚಿದಂತೆಯೇ. ಇದು ನನ್ನನ್ನು ಬಹಳ ದಿನ ಕಾಡಿತ್ತು. ಹಾಗಾಗಿ ಬೆಳಗಾವಿಯಲ್ಲಿ ಶಾಲಾ ಗ್ರಂಥಪಾಲಕರಿಗೆ ಆರು ದಿನಗಳ ತರಬೇತಿ ಎಂಬ ಪತ್ರ ಬಂದಾಗ ಮುಖ್ಯೋಪಾಧ್ಯಾಯರ ಬಳಿ ಹೋಗಿ ನಾನೇ ಹೆಸರು ಕೊಟ್ಟೆ.

ತರಬೇತಿಯಲ್ಲಿ ಹೇಳಿಕೊಟ್ಟದ್ದು ಕೋಹಾ. ಅದು ನ್ಯೂಜಿಲೆಂಡಿನ ಒಂದು ಸಣ್ಣ ಸಾರ್ವಜನಿಕ ಗ್ರಂಥಾಲಯಕ್ಕಾಗಿ 1999ರಲ್ಲಿ ಕಟ್ಟಿದ, 2000ದ ಜನವರಿಯಲ್ಲಿ ಬಳಕೆಗೆ ಬಂದ, ಗ್ರಂಥಾಲಯದ ಪುಸ್ತಕಗಳ ಪಟ್ಟಿಯನ್ನೂ ಎರವಲನ್ನೂ ನೋಡಿಕೊಳ್ಳುವ ತಂತ್ರಾಂಶ. ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಉಡುಗೊರೆ ಎಂದು ಅರ್ಥ. ಅದಕ್ಕೆ ತಕ್ಕಂತೆ ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಒಂದು ಕಂಪ್ಯೂಟರಿನಲ್ಲಿ ಅದನ್ನು ಕೂರಿಸಿದರೆ ಸಾಕು, ಉಳಿದವರು ಬ್ರೌಸರ್ ತೆರೆದು ಪುಸ್ತಕ ಹುಡುಕಬಹುದು. ಆರೂ ದಿನ ನಾನು ಒಂದೂ ಮಾತು ಬಿಡದೆ ಬರೆದುಕೊಂಡೆ. ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಅಭ್ಯಾಸಕ್ಕೆಂದು ಕೊಟ್ಟ ದಾಖಲೆಗಳೆಲ್ಲ ಇಂಗ್ಲಿಷ್ ಪುಸ್ತಕಗಳವು. ಎಲ್ಲವೂ ಸರಾಗವಾಗಿ ನಡೆದವು. ಕನ್ನಡ ಪುಸ್ತಕ ಸೇರಿಸಿ ನೋಡೋಣವೇ ಎಂದು ಕೇಳಿದೆ. ಅದನ್ನು ನಿಮ್ಮ ಶಾಲೆಯಲ್ಲಿ ಮಾಡಿಕೊಳ್ಳಿ ಎಂಬ ಉತ್ತರ ಬಂತು. ಕನ್ನಡ ಶಾಲೆಗಳ ಗ್ರಂಥಪಾಲಕರಿಗೆ ಕೊಡುವ ತರಬೇತಿ ಕನ್ನಡ ಪುಸ್ತಕದಿಂದಲೇ ಆರಂಭವಾಗಬೇಕು ಎಂದು ಅಂದೂ ಅನ್ನಿಸಿತು, ಇಂದೂ ಅನ್ನಿಸುತ್ತದೆ. ನಮಗೆ ಎದುರಾಗುವ ತೊಡಕುಗಳೆಲ್ಲ ಅಲ್ಲಿಯೇ ಇವೆ.

ಊರಿಗೆ ಮರಳಿದ ಮೇಲೆ ನಮ್ಮ ವಿಜ್ಞಾನ ಶಿಕ್ಷಕರು ಎರಡು ಶನಿವಾರ ಜೊತೆಗೆ ಕುಳಿತರು. ಪ್ರಯೋಗಾಲಯದಲ್ಲಿ ಮೂಲೆಗೆ ಸೇರಿದ್ದ ಕಂಪ್ಯೂಟರಿಗೆ ಡೆಬಿಯನ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿ ಅದರ ಮೇಲೆ ಕೋಹಾ ಕೂರಿಸಿದೆವು. ಶಾಲೆಯ ರೌಟರ್‌ಗೆ ಅದನ್ನು ಜೋಡಿಸಿದಾಗ ಕಂಪ್ಯೂಟರ್ ಕೊಠಡಿಯ ಪರದೆಗಳ ಮೇಲೂ ನಮ್ಮ ಗ್ರಂಥಾಲಯ ತೆರೆದುಕೊಂಡಿತು. ಮಳೆಗಾಲದಲ್ಲಿ ಇಂಟರ್‌ನೆಟ್ ದಿನಗಟ್ಟಲೆ ಕೈಕೊಟ್ಟರೂ ಇದಕ್ಕೆ ಅಡ್ಡಿಯಿಲ್ಲ, ಎಲ್ಲವೂ ಶಾಲೆಯ ಆವರಣದೊಳಗೇ ಓಡಾಡುತ್ತದೆ. ಕನ್ನಡಕ್ಕಾಗಿ ಒಂದು ಬದಲಾವಣೆ ಅಗತ್ಯ. ಕೋಹಾದಲ್ಲಿ ಹುಡುಕಾಟ ನಡೆಸುವ ಭಾಗಕ್ಕೆ ಝೀಬ್ರಾ ಎನ್ನುತ್ತಾರೆ. ಅದನ್ನು ಇಂಗ್ಲಿಷಲ್ಲದ ಲಿಪಿಗಳನ್ನೂ ಸರಿಯಾಗಿ ಓದುವ ಐಸಿಯು ಎಂಬ ಕ್ರಮಕ್ಕೆ ಬದಲಿಸಿ, ಹುಡುಕಾಟಕ್ಕೆ ಬೇಕಾದ ಪದಗಳ ಸೂಚಿಯನ್ನು ಹೊಸದಾಗಿ ಕಟ್ಟಿಸಬೇಕು. ಇದನ್ನು ಮಾಡದೆ ಕನ್ನಡ ಹುಡುಕಾಟವನ್ನು ನೆಚ್ಚಿಕೊಳ್ಳಬೇಡಿ.

ಪುಸ್ತಕಗಳ ಪಟ್ಟಿ ಮೊದಲೇ ಎಕ್ಸೆಲ್‌ನಲ್ಲಿ ಇತ್ತು. ಒಂದು ಭಾಗ ಹಳೆಯ ನುಡಿ ಫಾಂಟ್‌ನಲ್ಲಿದ್ದು, ಫಾಂಟ್ ಬದಲಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತಿತ್ತು. ಅದನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದೆ. ಉಳಿದದ್ದನ್ನು ಹಿಂದಿನ ವರ್ಷಗಳಲ್ಲಿ ಹಲವರು ಕೈಜೋಡಿಸಿ ಟೈಪ್ ಮಾಡಿದ್ದರು. ಮಾರ್ಕ್‌ಎಡಿಟ್ ಎಂಬ ಉಚಿತ ತಂತ್ರಾಂಶ ಆ ಪಟ್ಟಿಯನ್ನು ಮಾರ್ಕ್ ದಾಖಲೆಗಳಾಗಿ, ಅಂದರೆ ಪ್ರತಿ ವಿವರಕ್ಕೂ ಸಂಖ್ಯೆ ಹಾಕಿದ ಒಂದು ಕ್ಷೇತ್ರವಿರುವ ಗ್ರಂಥಾಲಯಗಳ ಪ್ರಮಾಣಿತ ರೂಪಕ್ಕೆ, ಮಾಡಿಕೊಟ್ಟಿತು. ಲೇಖಕರ ಹೆಸರು 100ನೆಯ ಕ್ಷೇತ್ರಕ್ಕೆ, ಶೀರ್ಷಿಕೆ 245ಕ್ಕೆ ಹೋಗಬೇಕು. ದಸರಾ ರಜೆ ಮುಗಿಯುವುದರೊಳಗೆ 4,300 ದಾಖಲೆಗಳೂ ಕೋಹಾದೊಳಗೆ ಇದ್ದವು.

ಶಾಲೆ ತೆರೆದ ಮೊದಲ ವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪ್ರಬಂಧಕ್ಕೆಂದು ಬಂದಳು. ನಾನು ಎದ್ದು ಕಪಾಟಿಗೆ ಹೋಗದೆ ಅವಳನ್ನೇ ಕಂಪ್ಯೂಟರ್ ಮುಂದೆ ಕೂರಿಸಿದೆ. ಅವಳು ‘ಕಂಬಾರ’ ಎಂದು ಟೈಪ್ ಮಾಡಿದಳು. ಒಂದು ಪುಸ್ತಕವೂ ಬರಲಿಲ್ಲ. “ಅಕ್ಕಾವರೇ, ನಮ್ಮಲ್ಲಿ ಕಂಬಾರರ ಪುಸ್ತಕ ಒಂದೂ ಇಲ್ಲವೇ?” ಎಂದು ಕೇಳಿದಳು. ನಮ್ಮ ಜಿಲ್ಲೆಯ ಘೋಡಗೇರಿಯವರು, ಜ್ಞಾನಪೀಠ ಪಡೆದವರು. ಅವರ ಹನ್ನೊಂದು ಪುಸ್ತಕಗಳು ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿಯೇ ಇದ್ದವು. ಎದ್ದು ತೆಗೆದುಕೊಟ್ಟೆ. ಆದರೆ ಇಷ್ಟು ದುಡಿದೂ ಮತ್ತೆ ನನ್ನ ತಲೆಯೇ ಸೂಚಿಯಾಯಿತಲ್ಲ ಎಂದು ಮನಸ್ಸು ಮುದುಡಿತು.

ಸಂಜೆ ಒಬ್ಬಳೇ ಕುಳಿತು ನೋಡಿದೆ. ರಿಜಿಸ್ಟರಿನಲ್ಲಿ ಪುಸ್ತಕಕ್ಕೆ ಹಾಕಿದ ಪರಿಗ್ರಹಣ ಸಂಖ್ಯೆ ಕೊಟ್ಟರೆ ದಾಖಲೆ ತೆರೆಯುತ್ತಿತ್ತು, ಲೇಖಕರ ಹೆಸರೂ ಸರಿಯಾಗಿ ಕಾಣುತ್ತಿತ್ತು. ಅದೇ ಹೆಸರನ್ನು ದಾಖಲೆಯಿಂದ ನಕಲಿಸಿ ಹುಡುಕಾಟದ ಪೆಟ್ಟಿಗೆಯಲ್ಲಿ ಅಂಟಿಸಿದೆ. ಪುಸ್ತಕಗಳು ಬಂದವು! ಕೈಯಿಂದ ಟೈಪ್ ಮಾಡಿದರೆ ಮತ್ತೆ ಏನೂ ಇಲ್ಲ. ಕಣ್ಣಿಗೆ ಎರಡೂ ಒಂದೇ. ಅಕ್ಷರದ ಗಾತ್ರ ಹಿಗ್ಗಿಸಿ ಎರಡನ್ನೂ ಒಂದರ ಕೆಳಗೊಂದು ಇಟ್ಟೆ:

ಕಂಬಾರ
ಕ೦ಬಾರ

ಕೆಳಗಿನದರಲ್ಲಿ ಸೊನ್ನೆ ಎಳ್ಳಷ್ಟು ದೊಡ್ಡದಿತ್ತು. ಎಕ್ಸೆಲ್ ತರಹದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಯುನಿಕೋಡ್ ಎಂಬ ಫಂಕ್ಷನ್ ಇದೆ. ಒಂದು ಅಕ್ಷರ ಕೊಟ್ಟರೆ ಅದರ ಸಂಖ್ಯೆ ಹೇಳುತ್ತದೆ. ಅದರ ಬಗ್ಗೆ ತಿಳಿಸಿದವರೂ ವಿಜ್ಞಾನ ಶಿಕ್ಷಕರೇ. ನಾನು ಟೈಪ್ ಮಾಡಿದ ಹೆಸರಿನಲ್ಲಿ ‘ಕ’ 3221, ಮುಂದಿನದು 3202. ದಾಖಲೆಯಲ್ಲಿದ್ದ ಹೆಸರಿನಲ್ಲಿ ‘ಕ’ 3221, ಮುಂದಿನದು 3302. ಮೊದಲಿನದು ಅನುಸ್ವಾರ, ಎರಡನೆಯದು ಕನ್ನಡದ ಸೊನ್ನೆ ಅಂಕಿ. ಯಾರೋ ಆಕಾರ ನೋಡಿ ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿದ್ದರು. ಓದುವವರಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ, ಯಂತ್ರಕ್ಕೆ ಮಾತ್ರ ಅದು ಬೇರೆಯೇ ಪದ.

ಈ ತಪ್ಪು ಎಷ್ಟು ದೂರ ಹೋಗುತ್ತದೆ ಎಂದು ಯೋಚಿಸಿ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ ವೆಂಕಟೇಶ ಅಯ್ಯಂಗಾರ್, ಅನಂತಮೂರ್ತಿ, ಕಂಬಾರ. ಜ್ಞಾನಪೀಠ ಪಡೆದ ಎಂಟು ಕನ್ನಡ ಲೇಖಕರಲ್ಲಿ ಆರು ಮಂದಿಯ ಹೆಸರಿನಲ್ಲಿ ಅನುಸ್ವಾರವಿದೆ. ನಮ್ಮ ಸೂಚಿಯಲ್ಲಿ ಸಾವಿರಕ್ಕೂ ಹೆಚ್ಚು ದಾಖಲೆಗಳು ಹೀಗೆ ಸೊನ್ನೆಯ ಹಿಂದೆ ಮರೆಯಾಗಿದ್ದವು.

ತಿದ್ದುವಾಗ ಅವಸರ ಮಾಡಿದೆ. ಇಡೀ ಪಟ್ಟಿಯಲ್ಲಿ ಸೊನ್ನೆ ಇದ್ದಲ್ಲೆಲ್ಲ ಅನುಸ್ವಾರ ಬರಲಿ ಎಂದು ಒಂದೇ ಏಟಿಗೆ ಬದಲಿಸಿದೆ. ಪ್ರಕಟಣೆಯ ವರ್ಷಗಳನ್ನು ಕೆಲವರು ಕನ್ನಡ ಅಂಕಿಗಳಲ್ಲಿ ಬರೆದಿದ್ದರು. ೨೦೦೧ ಎಂಬುದು ೨ಂಂ೧ ಆಯಿತು. ಹಿಂದಿನ ರಾತ್ರಿಯ ಪ್ರತಿ ಪೆನ್‌ಡ್ರೈವ್‌ನಲ್ಲಿ ಇದ್ದುದರಿಂದ ಬದುಕಿದೆ. ಪ್ರತಿ ತೆಗೆದಿಟ್ಟುಕೊಳ್ಳದೆ ಪಟ್ಟಿಗೆ ಕೈ ಹಾಕಬೇಡಿ ಎಂದು ತರಬೇತಿಯಲ್ಲಿ ಹೇಳಿದ ಮಾತಿಗೆ ನಾನು ಋಣಿ. ಎರಡನೆಯ ಸಲ ಕ್ಯಾಲ್ಕ್‌ನ ಹುಡುಕಿ ಬದಲಿಸುವ ಪೆಟ್ಟಿಗೆಯಲ್ಲಿ, ಅಕ್ಷರಗಳು ಬರುವ ಮಾದರಿಯನ್ನು ಹೇಳಿ ಹುಡುಕಿಸುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಆಯ್ಕೆ ಹಾಕಿಕೊಂಡು, ಅಕ್ಷರದ ಅಥವಾ ಕಾಗುಣಿತ ಚಿಹ್ನೆಯ ನಂತರ ಬಂದ ಸೊನ್ನೆಯನ್ನು ಮಾತ್ರ ಬದಲಿಸಿದೆ. ಅಂಕಿಯ ನಂತರ ಬಂದ ಸೊನ್ನೆಯನ್ನು ಮುಟ್ಟಲಿಲ್ಲ. ಕೋಹಾದಲ್ಲಿ ಒಂದು ಕಂತಿನಲ್ಲಿ ಏರಿಸಿದ ದಾಖಲೆಗಳನ್ನು ಒಟ್ಟಿಗೆ ಹಿಂತೆಗೆಯಬಹುದು. ಎರವಲು ಕೊಡುವುದು ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಎಲ್ಲವನ್ನೂ ತೆಗೆದು ಹೊಸ ಪಟ್ಟಿಯನ್ನು ಏರಿಸಿದೆ.

ಇದಾದ ಮೇಲೆ ಹೆಸರುಗಳ ಕೆಲಸ ಹಿಡಿದೆ. ದ.ರಾ. ಬೇಂದ್ರೆ, ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಅಂಬಿಕಾತನಯದತ್ತ, ಹೀಗೆ ಒಬ್ಬರೇ ಕವಿ ನಮ್ಮ ಸೂಚಿಯಲ್ಲಿ ಮೂವರಾಗಿದ್ದರು. ಪ್ರಮಾಣಿತ ಹೆಸರಿನ ದಾಖಲೆಯೊಂದನ್ನು ಮಾಡಿ ಉಳಿದ ರೂಪಗಳನ್ನು ಅದಕ್ಕೆ ಕಟ್ಟಿದರೆ ಯಾವ ಹೆಸರಿನಿಂದ ಹುಡುಕಿದರೂ ಎಲ್ಲ ಪುಸ್ತಕಗಳೂ ಸಿಗುತ್ತವೆ. ಇದನ್ನು ತರಬೇತಿಯಲ್ಲಿ ಹದಿನೈದು ನಿಮಿಷದಲ್ಲಿ ಹೇಳಿ ಮುಗಿಸಿದ್ದರು. ನನಗೆ ಇದು ನಾಲ್ಕು ತಿಂಗಳ ಕೆಲಸವಾಯಿತು. ದಿನಕ್ಕೆ ಐದು ಹೆಸರುಗಳಿಗಿಂತ ಹೆಚ್ಚು ಹಿಡಿಯಲಿಲ್ಲ. ಇಷ್ಟು ನೆಮ್ಮದಿಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಹೆಸರು ಕಟ್ಟುತ್ತ ಹೋದಾಗ ಇನ್ನೊಂದು ಆಸೆ ಹುಟ್ಟಿತು. ನಮ್ಮ ಸುತ್ತಲಿನ ಲೇಖಕರ ಪುಸ್ತಕಗಳ ದಾಖಲೆಯಲ್ಲಿ 500ನೆಯ ಕ್ಷೇತ್ರದ ಟಿಪ್ಪಣಿಯಾಗಿ ಅವರ ಊರನ್ನೂ ಬರೆದೆ. ಕಂಬಾರರಿಗೆ ಘೋಡಗೇರಿ, ಬಸವರಾಜ ಕಟ್ಟೀಮನಿಯವರಿಗೆ ಮಲಾಮರಡಿ, ಆನಂದಕಂದರಿಗೆ ಬೆಟಗೇರಿ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊನ್ನೆ ಜ್ವರವೆಂದು ಎರಡು ದಿನ ಮನೆಯಲ್ಲಿದ್ದೆ. ಮರಳಿ ಬಂದು ಎರವಲು ಪಟ್ಟಿ ತೆರೆದಾಗ ಹದಿನೇಳು ಪುಸ್ತಕಗಳು ಹೊರಗೆ ಹೋಗಿದ್ದವು. ಅವುಗಳಲ್ಲಿ ಆನಂದಕಂದರ ಕವನ ಸಂಕಲನವೂ ಒಂದು. ಎಂಟು ವರ್ಷಗಳಿಂದ ಯಾರೂ ಮುಟ್ಟದಿದ್ದ ಪುಸ್ತಕ ಅದು. ಒಯ್ದವನು ಎಂಟನೆಯ ತರಗತಿಯ ಹುಡುಗ. ಅದು ಹೇಗೆ ಸಿಕ್ಕಿತಪ್ಪ ಎಂದು ಕೇಳಿದೆ. “ಸುಮ್ಮನೆ ನಮ್ಮ ಊರಿನ ಹೆಸರು ಹಾಕಿ ನೋಡಿದೆ, ಅಕ್ಕಾವರೇ” ಎಂದ. ಅವನು ದಿನವೂ ಬೆಟಗೇರಿಯಿಂದ ಬಸ್ಸಿನಲ್ಲಿ ಬರುತ್ತಾನೆ.